ದ್ರಾಕ್ಷಿತೋಟದ ಗೇಟಿನಲ್ಲಿ ಬಿಟ್ಟ ಬೂಟು

ಮಾರ್ಲ್‌ಬರೊದ ದ್ರಾಕ್ಷಿತೋಟಗಳ ನಡುವೆ, ನದಿಯ ಪಕ್ಕದಲ್ಲಿ ಹನ್ನೆರಡು ಕಿಲೋಮೀಟರ್ ನಡೆಯುತ್ತೇನೆ ಎಂದಾಗ ಹೆಂಡತಿ ಕಾರಿನ ಕೀ ತೆಗೆದುಕೊಂಡಳು. "ಆ ತುದಿಯಲ್ಲಿ ಕಾಯ್ತಿರ್ತೀನಿ. ಅರ್ಧದಲ್ಲಿ ಫೋನ್ ಮಾಡ್ತೀರಲ್ಲ, ಆಗ ಬಂದು ಕರ್ಕೊಂಡು ಹೋಗ್ತೀನಿ." ಫೋನ್ ಮಾಡಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಮೊದಲ ತೋಟದ ಗೇಟಿನಲ್ಲಿ ಒಂದು ಟ್ರೇ ತುಂಬ ಔಷಧಿ ನೀರಿತ್ತು. ಪಕ್ಕದ ಸ್ಟ್ಯಾಂಡಿನಲ್ಲಿ ನಾಲ್ಕೈದು ಜೊತೆ ಬೂಟುಗಳಿದ್ದವು. ನಮ್ಮ ಯಾವ ದೇವಸ್ಥಾನದ ಬಾಗಿಲಲ್ಲೂ ಇದೇ ಏರ್ಪಾಡು. ವಾಪಸಾಗುವಾಗ ಕಾರಿನಲ್ಲಿ ಬಂದು ತೆಗೆದುಕೊಂಡರಾಯಿತು ಎಂದು ನನ್ನ ಬೂಟನ್ನೂ ಅಲ್ಲಿಟ್ಟು, ಟ್ರೇಯಲ್ಲಿ ಕಾಲು ತೊಳೆದುಕೊಂಡು ಒಳಗೆ ನಡೆದೆ. ದಾರಿಯಲ್ಲಿ ಸಿಕ್ಕವರೆಲ್ಲ ನಕ್ಕು ಕೈಬೀಸಿದರು. ಜನ ಬರಿಗಾಲಲ್ಲೇ ಸೂಪರ್‌ಮಾರ್ಕೆಟ್ಟಿಗೆ ಹೋಗುವ ಈ ದೇಶದಲ್ಲಿ ಯಾರು ಏನು ಕೇಳುತ್ತಾರೆ? ನದಿದಂಡೆಯ ಕಲ್ಲುಗಳು ಮಾತ್ರ ವಿಚಾರಿಸಿದವು.

ಇನ್ನೆರಡು ಕಿಲೋಮೀಟರ್ ಇದೆ ಎನ್ನುವಾಗ ತೋಟದ ಮಾಲೀಕ ಪಕ್ಕದಲ್ಲಿ ತನ್ನ ಯೂಟ್, ಅಂದರೆ ಪಿಕಪ್ ಗಾಡಿ, ನಿಲ್ಲಿಸಿದ. ಸೀಟಿನ ಮೇಲೆ ನನ್ನ ಬೂಟಿತ್ತು.

"ಇದು ನಿಮ್ಮದಾ?"

"ಹೌದು. ನಿಮ್ಮ ನಿಯಮದ ಪ್ರಕಾರ ಬಿಟ್ಟು ಬಂದೆ."

"ಬಳ್ಳಿಗೆ ರೋಗ ಬರದಿರಲಿ ಅಂತ ಬೂಟಿನ ತಳ ಆ ಟ್ರೇ ನೀರಲ್ಲಿ ಅದ್ದಿದರೆ ಸಾಕಿತ್ತು. ಸ್ಟ್ಯಾಂಡಿನಲ್ಲಿದ್ದದ್ದು ಕೆಲಸದವರ ಬೂಟು."

ಹಾಕಿಕೊಳ್ಳಲು ನೋಡಿದೆ. ಊದಿದ ಕಾಲು ಒಳಗೆ ಹೋಗಲಿಲ್ಲ. ಅವನು ಯೂಟಿನ ಬಾಗಿಲು ತೆರೆದ.

"ಬೇಡ, ನಡೀತೀನಿ. ಬೂಟು ಮಾತ್ರ ದಾರಿಯ ತುದಿಯಲ್ಲಿ ಕಾರಿನ ಹತ್ತಿರ ಕಾಯ್ತಿರೋ ನನ್ನ ಹೆಂಡತಿಗೆ ತಲುಪಿಸಿ."

ಕುಂಟುತ್ತಾ ತುದಿ ಮುಟ್ಟಿದಾಗ ಬೂಟುಗಳು ಕಾರಿನ ಮುಂದೆ ನೆಟ್ಟಗೆ ನಿಂತಿದ್ದವು. "ಇವು ಬಂದು ಒಂದು ಗಂಟೆ ಆಯ್ತು," ಎಂದಳು ಹೆಂಡತಿ.

ಹನ್ನೆರಡು ಕಿಲೋಮೀಟರ್ ಪೂರ್ತಿ ನಡೆದವನು ನಾನೇ. ಬೂಟು ಲಿಫ್ಟ್ ತೆಗೆದುಕೊಂಡಿದ್ದಕ್ಕೆ ನಾನು ಜವಾಬ್ದಾರನಲ್ಲ.