ಗಿಳಿ ಛಾಪಿನ ಡಬ್ಬಿ

ನಮ್ಮ ಅತ್ತೆಗೆ ಅಂಗಡಿ ಸಾಮಾನಿನ ಹೆಸರು ಬೇಕಿರಲಿಲ್ಲ, ಚಿತ್ರ ಸಾಕಿತ್ತು. ಚಹಾ ಎಂದರೆ ಗಿಳಿ, ಸಕ್ಕರೆ ಎಂದರೆ ಆನಿ, ಉಪ್ಪು ಎಂದರೆ ಕುದುರಿ. ಆ ಕಂಪನಿಗಳೆಲ್ಲ ಎಂದೋ ಮಣ್ಣುಗೂಡಿದ್ದವು. ಗಿಳಿ ಛಾಪಿನ ಚಹಾ ಒಂದೇ ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ಇನ್ನೂ ಸಿಗುತ್ತಿತ್ತು; ನಾನು ಬಸುರಿಯಾಗುವ ಹೊತ್ತಿಗೆ ಅದೂ ನಿಂತಿತು. ಅವುಗಳ ತಗಡಿನ ಡಬ್ಬಿಗಳು ಮಾತ್ರ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ವನಸ್ಪತಿಯ ಆನೆ ಡಬ್ಬಿಯಲ್ಲಿ ಸಕ್ಕರೆ, ಬಿಸ್ಕತ್ತಿನ ಕುದುರೆ ಡಬ್ಬಿಯಲ್ಲಿ ಉಪ್ಪು. ಚಹಾಪುಡಿ ಯಾವ ಕಂಪನಿಯದೇ ಬರಲಿ, ಅತ್ತೆಯ ಬಾಯಲ್ಲಿ ಅದು ಗಿಳಿಯೇ. ಗಿಳಿ ತೀರಿತು ಎಂದು ಅವರು ಹೇಳಿದರೆ, ಹಾರಿಹೋಯಿತೇ ಎಂದು ನನ್ನ ಆರು ವರ್ಷದ ಮಗಳು ಕಿಚಾಯಿಸುತ್ತಿದ್ದಳು.

ಈ ವರ್ಷ ಹೊಸ ಬಾಡಿಗೆ ಮನೆಗೆ ಬಂದೆವು. ಹೊಸದು ಕಂಡರೆ ನನ್ನ ಗಂಡನಿಗೆ ಹಳೆಯದರ ಮೇಲೆ ಹಗೆ. ತುಕ್ಕು ಹಿಡಿದ ಡಬ್ಬಿಗಳನ್ನು ಗುಜರಿಯವನಿಗೆ ಹಾಕಿ, ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಸಾಲಾಗಿ ಇಟ್ಟರು.

ಆ ವಾರದಿಂದಲೇ ಶುರುವಾಯಿತು. ಚಹಾಕ್ಕೆ ಉಪ್ಪು ಬಿತ್ತು, ಸಾರಿಗೆ ಸಕ್ಕರೆ ಬಿತ್ತು, ಒಂದು ದಿನ ಒಗ್ಗರಣೆಗೆ ಸಾಸಿವೆ ಬದಲು ಚಹಾಪುಡಿ. ಗಂಡ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಹರಪನಹಳ್ಳಿಯಲ್ಲಿದ್ದ ಅತ್ತೆಯ ಅಕ್ಕ ಕೊನೆಗಾಲಕ್ಕೆ ಎಲ್ಲ ಮರೆತು, ಹೆತ್ತ ಮಗನನ್ನೇ ಯಾರಪ್ಪ ನೀನು ಎಂದು ಕೇಳುತ್ತ ಹೋದವರು. ಅದೇ ಇವರಿಗೂ ಬಂತಲ್ಲ ಎಂದು ನನಗೆ ಹೆದರಿಕೆ. ಓಣಿಯವರು ಅರವತ್ತಕ್ಕೆ ಅರಳುಮರಳು ಎಂದು ಗಾದೆ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ನೌಕರಿ ಹಗರಿಬೊಮ್ಮನಹಳ್ಳಿಯಲ್ಲಿ. ಶಾಲೆ ಬಿಟ್ಟು ಬರುವ ಮಗಳಿಗೆ ಮನೆಯಲ್ಲಿ ಅತ್ತೆಯೇ ದಿಕ್ಕು. ಬಸ್ಸಿನಲ್ಲಿ ಕೂತರೆ ಸಾಕು, ಕಣ್ಣ ಮುಂದೆ ಗ್ಯಾಸ್ ಒಲೆ. ಒಲೆ ಆರಿಸಿದಿರಾ ಎಂದು ಫೋನಿನಲ್ಲಿ ಕೇಳಿ ಕೇಳಿ ಅತ್ತೆಗೂ ರೇಗಿಹೋಯಿತು. ಅವ್ವನನ್ನು ಇನ್ನು ಅಡುಗೆಮನೆಗೆ ಬಿಡುವುದು ಬೇಡ ಎಂದರು ಗಂಡ. ಒಲೆ ಮುಂದಿನಿಂದ ಎಬ್ಬಿಸಿದರೆ ಆ ಜೀವ ಉಳಿದೀತೇ? ಭಾನುವಾರದವರೆಗೆ ಸುಮ್ಮನಿರಿ, ನಾನೇ ಕೂತು ನೋಡುತ್ತೇನೆ ಎಂದೆ.

ಭಾನುವಾರ ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತ ಕೂತೆ. ಅತ್ತೆ ಚಹಾಕ್ಕೆ ನೀರಿಟ್ಟು, ಒಂದು ಡಬ್ಬಿ ತೆಗೆದು ಅಲ್ಲಾಡಿಸಿದರು. ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದರು, ಸುತ್ತ ಸವರಿದರು, ಮತ್ತೆ ಮುಚ್ಚಳಕ್ಕೆ ಬಂದರು. ಹಳೆಯ ಡಬ್ಬಿಗಳ ಮೇಲೆ ಗಿಳಿ, ಆನೆ, ಕುದುರೆ ಉಬ್ಬಿಕೊಂಡಿದ್ದದ್ದು ಆಗ ನೆನಪಾಯಿತು.

"ಅತ್ತಿ, ನಿಮಗ ಕಣ್ಣು ಕಾಣಂಗಿಲ್ಲೇನ್ರಿ?"

ಅವರ ಕೈ ನಿಂತಿತು. "ಬೆಳಕು ಕಾಣ್ತೈತವ್ವ. ಮಂದಿ ಬಂದ್ರ ನೆಳ್ಳು ಕಾಣ್ತೈತಿ. ಹೇಳಿದ್ರ ಮೂಲ್ಯಾಗ ಕುಂದ್ರಸ್ತೀರಿ ಅಂತ ಬಾಯಿ ಬಿಡ್ಲಿಲ್ಲ."

ಬುದ್ಧಿ ನೆಟ್ಟಗಿದೆಯಲ್ಲ ಎಂದು ಅರ್ಧ ಜೀವ ಬಂತು. ಒಲೆಯಿಂದ ಯಾರೂ ಎಬ್ಬಿಸುವುದಿಲ್ಲ, ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಡಾಕ್ಟರು ಮೊದಲು ಕೇಳುವುದೇ ಅದು ಎಂದುಕೊಂಡು, ಯಾವಾಗಿನಿಂದ ಹೀಗೆ ಎಂದು ವಿಚಾರಿಸಿದೆ.

ಅತ್ತೆ ಒಲೆ ಸಣ್ಣ ಮಾಡಿದರು. "ಗಿಳಿ ಚಹಾದ ಕಡೀ ಡಬ್ಬಿ ತಂದಾಗ ಗಿಳಿ ಹಸರು ಕಂಡಿತ್ತು. ಆಮ್ಯಾಗ ಎಲ್ಲಾ ಕೈಲೇ ನೋಡೀನಿ."

ಹೊರಗೆ ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು. ದಿನಾ ಜಡೆ ಹಾಕಿದ ಮೇಲೆ ಅತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತಾತನದೇ ಮೂಗು ಎನ್ನುತ್ತಿದ್ದರು. ಗಿಳಿ ಚಹಾ ನಿಂತದ್ದು ಅವಳು ಹುಟ್ಟುವ ಮೊದಲು.