ಬೋರ್ಡಿಗೆ ಒಂದೇ ಸಾಲು

ಬೀದಿಯವರು ಅವಳಿಗೆ ಇಟ್ಟ ಹೆಸರು ‘ಅದೂಇದೂ ಅಕ್ಕ’. ಹಾಗೆ ನೋಡಿದರೆ ಆ ಹೆಸರನ್ನು ಅವಳೇ ಕೈಯಾರೆ ತಂದುಕೊಂಡದ್ದು. ಹಿಂದೊಮ್ಮೆ ನೆಂಟರ ಮದುವೆಯಲ್ಲಿ ದೂರದ ಚಿಕ್ಕಪ್ಪನೊಬ್ಬ ತಟ್ಟೆ ಹಿಡಿದುಕೊಂಡೇ, “ಏನಮ್ಮ, ಈಗ ಏನ್ ಮಾಡ್ಕೊಂಡಿದ್ದೀಯ?” ಎಂದು ಕೇಳಿದ್ದ. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಲು ಹೊರಟರೆ ಕೇಳಿದವನ ಕಣ್ಣು ಎರಡನೇ ಮಾತಿಗೇ ಪಕ್ಕದವರ ಕಡೆ ಹೊರಳುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಕಾಗಿ “ಅದೂ ಇದೂ” ಎಂದುಬಿಟ್ಟಳು. ಆ ಮಾತು ಅವಳಿಗಿಂತ ಮೊದಲೇ ಬೀದಿ ಸೇರಿತು. ಕೆಲವೇ ದಿನಗಳಲ್ಲಿ ಹಾಲು ಹಾಕುವವನೂ ಅದೇ ಹೆಸರಿನಿಂದ ಕೂಗತೊಡಗಿದ.

ಅವಳು ಮಾಡುತ್ತಿದ್ದುದಾದರೂ ಏನು? ಅವಳ ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವವರು. ಪುಟ ಮಡಿಸುವುದು, ದಾರ ಹಾಕುವುದು, ರಟ್ಟು ಅಂಟಿಸುವುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಬಂತು. ಪ್ರೆಸ್ಸು ಮುಚ್ಚಿದ ಮೇಲೆ ಪಕ್ಕದ ಮನೆಯ ಟೈಲರ್ ಹತ್ತಿರ ಹೊಲಿಗೆ ಕಲಿತಳು. ಟೈಲರ್ ತಮ್ಮ ಬೋರ್ಡ್ ಬರೆಸುತ್ತಿದ್ದಾಗ ಪೇಂಟರ್ ಕೈಯನ್ನೇ ನೋಡುತ್ತ ನಿಂತವಳು ಅವನ ಹಿಂದೆ ಬಿದ್ದು ಬೋರ್ಡ್ ಬರೆಯುವುದನ್ನೂ ಕಲಿತಳು. ಇವೆಲ್ಲದರ ನಡುವೆ ಶಾಲೆಯ ಬ್ಯಾಂಡ್ ಮೇಷ್ಟ್ರು ಹೇಳಿಕೊಟ್ಟ, ಎದೆಗೆ ತೂಗುಹಾಕಿಕೊಂಡು ಎಳೆದು ಒತ್ತಿ ನುಡಿಸುವ ಅಕಾರ್ಡಿಯನ್ ಇತ್ತು. ಅದನ್ನು ನುಡಿಸುತ್ತಿದ್ದಳು, ಕೆಟ್ಟರೆ ಬಿಚ್ಚುತ್ತಿದ್ದಳು, ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದಳು. ಈ ನಾಲ್ಕನ್ನೂ ಅವಳು ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ನಾಲ್ಕು ಕೆಲಸ ಬಲ್ಲವಳು ಎಂದ ಕೂಡಲೇ, ಒಂದೂ ಸರಿಯಾಗಿ ಬರುವುದಿಲ್ಲ ಎಂದು ಕೇಳಿಸಿಕೊಳ್ಳುವ ಕಿವಿ ಜನಕ್ಕೆ ಎಲ್ಲಿಂದ ಬಂತೋ ಕಾಣೆ.

ಎಲ್ಲರಿಗಿಂತ ಹೆಚ್ಚು ಹೀಗೆ ಕೇಳಿಸಿಕೊಳ್ಳುತ್ತಿದ್ದವಳು ಅವಳ ಸ್ವಂತ ಅಕ್ಕ. ಅಕ್ಕ ನರ್ಸು. ಓದು ಮುಗಿಸಿ ಯಾವ ಆಸ್ಪತ್ರೆಗೆ ಸೇರಿದ್ದಳೋ ಇಂದಿಗೂ ಅಲ್ಲೇ ಇದ್ದಾಳೆ. ಬಂದಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಕಡೆ ಒಣಗಲು ಇಟ್ಟ ಪುಸ್ತಕ, ಇನ್ನೊಂದು ಕಡೆ ಹೊಲಿಗೆ ಮಿಷನ್, ಸ್ಟೌವ್ ಪಕ್ಕದಲ್ಲಿ ಬಣ್ಣದ ಡಬ್ಬಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

“ಒಂದನ್ನ ಹಿಡ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ಎಲ್ಲಿರ್ತಿದ್ದೆ ಗೊತ್ತೇನೆ?”

“ಎಲ್ಲಿರ್ತಿದ್ದೆ?”

“ಎಲ್ಲೋ ಒಂದ್ಕಡೆ ಇರ್ತಿದ್ದೆ. ಅಡುಗೆಮನೇಲಂತೂ ಅಲ್ಲ.”

ಅಕ್ಕನ ಈ ಕೊನೆಯ ಮಾತು ಮಾತ್ರ ಸುಳ್ಳಾಗಿರಲಿಲ್ಲ. ಅವಳಿಗೆ ಕೆಲಸಕ್ಕೆ ಅಂತ ಬೇರೆ ಜಾಗವೇ ಇರಲಿಲ್ಲ. ಊಟದ ಹೊತ್ತಾದರೆ ಪುಸ್ತಕಗಳನ್ನು ಎತ್ತಬೇಕು. ಬೋರ್ಡಿನ ಬಣ್ಣ ಹಸಿಯಾಗಿದ್ದರೆ ಒಗ್ಗರಣೆ ಹಾಕುವಂತಿಲ್ಲ. ಎತ್ತಿ ಇಡುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಹೀಗಿರುವಾಗ ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯಲ್ಲಿ, ಗಡಿಯಾರ ರಿಪೇರಿಯವರು ಬಿಟ್ಟುಹೋದ ಮೂಲೆ ಕೋಣೆ ಖಾಲಿ ಇದೆ ಎಂಬ ಸುದ್ದಿ ಬಂತು. ಹೋಗಿ ನೋಡಿದಳು. ಎರಡು ಕಿಟಕಿ, ಒಳ್ಳೆಯ ಬೆಳಕು, ಉದ್ದಕ್ಕೂ ಕಲ್ಲಿನ ಕಟ್ಟೆ. ಅಲ್ಲಿ ನಿಂತ ಅಷ್ಟು ಹೊತ್ತೂ ಮನಸ್ಸಿನಲ್ಲೇ ಮಿಷನ್ ಎಲ್ಲಿ, ಬಣ್ಣ ಎಲ್ಲಿ ಎಂದು ಇಟ್ಟುಕೊಳ್ಳುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ತನಗೆ ಅಂತ ಬಾಯಿ ಬಿಟ್ಟು ಕೇಳಿದ್ದು ಆ ಕೋಣೆಯೊಂದನ್ನೇ.

ಕೋಣೆ ಕೊಡುವುದು ಬಿಡುವುದು ಅಂಗಡಿಯವರ ಸಂಘದ ಕೈಯಲ್ಲಿತ್ತು. ಸಂಘದ ಅಧ್ಯಕ್ಷರು ಕನ್ನಡಕದ ಅಂಗಡಿಯವರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಹತ್ತಿರ ಜಗಳವಾಡುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೇ ಗೊತ್ತು.

“ಕೋಣೆಗೇನಮ್ಮ, ಧಾರಾಳವಾಗಿ ಕೊಡೋಣ. ನಮ್ಮಲ್ಲಿ ಒಂದೇ ನಿಯಮ, ನಿಮಗೂ ಗೊತ್ತಲ್ಲ. ಒಂದು ಅಂಗಡಿಗೆ ಒಂದು ಕೆಲಸ. ಬೋರ್ಡಲ್ಲಿ ಒಂದೇ ಸಾಲು. ಹಿಂದೆ ಒಬ್ಬ ಝೆರಾಕ್ಸ್, ಛತ್ರಿ, ಮೀನಿನ ತೊಟ್ಟಿ ಅಂತ ಬೋರ್ಡ್ ತುಂಬ ಬರ್ಕೊಂಡಿದ್ದ. ಮೆಟ್ಟಿಲು ಹತ್ತಿದೋರೆಲ್ಲ ನನ್ನ ಅಂಗಡಿಗೇ ಬಂದು ವಿಚಾರಿಸೋರು. ನಿಮ್ದು ಯಾವುದು ಅಂತ ಹೇಳಿಬಿಡಿ.”

“ಸರ್, ನಂದು ನಾಲ್ಕಿದೆ.”

“ಅದೇ, ನಾಲ್ಕರಲ್ಲಿ ಯಾವುದು?”

ಸೋಮವಾರ ಸಂಘದ ಸಭೆ, ಅಲ್ಲಿ ಬಂದು ಹೇಳಿದರೆ ಸಾಕು ಎಂದು ಅಧ್ಯಕ್ಷರು ನಗುತ್ತಲೇ ಕಳಿಸಿಕೊಟ್ಟರು. ಮೊಬೈಲ್ ಕವರ್ ಮಾರುವವನೊಬ್ಬ ಅದೇ ಕೋಣೆಗೆ ಕಾಯುತ್ತಿದ್ದಾನೆ ಎಂದೂ ಸೇರಿಸಿದರು. ಅವನ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಪುಣ್ಯವಂತ.

ಇನ್ನು ಅವಳ ಗಂಡನ ವಿಷಯ. ಆತ ಬಸ್ ಡ್ರೈವರ್. ಸಾಧು. ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಕೇಳಿದವರಿಗೆ ಯಾವುದು ಹಿಡಿಸೀತೋ ಅದನ್ನು ಹೇಳಿ ಮುಗಿಸುವ ಅಭ್ಯಾಸ. ಮೇಲಧಿಕಾರಿಗೆ ಟೈಲರ್, ಶಾಲೆಯವರಿಗೆ ಸಂಗೀತ, ಅವಸರವಿದ್ದರೆ “ಮನೇಲೇ ಇರ್ತಾಳೆ”. ಅವಳು ಇದನ್ನೆಲ್ಲ ಕೇಳಿಯೂ ಕೇಳದವಳಂತೆ ಇದ್ದುಬಿಟ್ಟಿದ್ದಳು. ಆದರೆ ಸಭೆಗೆ ಇನ್ನೂ ಎರಡು ದಿನ ಇರುವಾಗ ಆತ ಬಗಲಲ್ಲಿ ಪೇಪರ್ ಸುತ್ತಿದ ದೊಡ್ಡ ಹಲಗೆ ಇಟ್ಟುಕೊಂಡು, ಮುಖದ ತುಂಬ ಗೆಲುವಿನಿಂದ ಒಳಗೆ ಬಂದ.

“ನಿನ್ನ ತಲೆನೋವು ಕಳೀತು ನೋಡು. ಅಧ್ಯಕ್ಷರ ಹತ್ರ ನಾನೇ ಹೋಗಿ ಹೇಳ್ಬಂದೆ, ಟೈಲರಿಂಗ್ ಅಂತ. ಬೋರ್ಡೂ ರೆಡಿ.”

ಪೇಪರ್ ಬಿಚ್ಚಿದ. ಹಸಿರು ಹಲಗೆ, ಹಳದಿ ಅಕ್ಷರ. ಮೊದಲ ಅಕ್ಷರಗಳನ್ನು ದೊಡ್ಡದಾಗಿ ಬರೆದ ಪೇಂಟರ್‌ಗೆ ಕೊನೆಕೊನೆಗೆ ಜಾಗ ಸಾಲದೆ ‘ಗ್’ ಹಲಗೆಯ ಅಂಚಿಗೆ ಜೋತುಬಿದ್ದಿತ್ತು. ಪಕ್ಕದಲ್ಲಿದ್ದ ಕತ್ತರಿಯ ಚಿತ್ರ ಯಾವ ಕೈಗೂ ಹಿಡಿಸದ ಆಕಾರದ್ದು. ಅವಳು ಜೋತುಬಿದ್ದ ‘ಗ್’ ಮೇಲೆ ಬೆರಳಿಟ್ಟಳು.

“ಇದನ್ನ ಯಾರ ಹತ್ರ ಬರೆಸಿದ್ರಿ?”

“ಬಸ್ ಸ್ಟ್ಯಾಂಡ್ ಪಕ್ಕ ಒಬ್ಬ ಪೇಂಟರ್ ಇದ್ದಾನೆ. ಪಾಪ, ಬೇಗ ಮಾಡಿಕೊಟ್ಟ.”

“ರೀ, ನಿಮ್ಮ ಡಿಪೋ ಗೇಟಿನ ಮೇಲಿರೋ ಬೋರ್ಡ್ ಯಾರು ಬರೆದಿದ್ದು?”

ಆತ ಯೋಚಿಸಿದ. ದಿನಾ ಬೆಳಿಗ್ಗೆ ಆ ಗೇಟಿನಿಂದಲೇ ಬಸ್ಸು ಹೊರಗೆ ತೆಗೆಯುವವನು. ಯೋಚಿಸುತ್ತ ಯೋಚಿಸುತ್ತ ಅವನ ಮುಖದ ಗೆಲುವು ಇಳಿಯಿತು. ಅವಳು ಅದನ್ನು ಬರೆಯುವಾಗ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದವನು ತಾನೇ ಎಂಬುದೂ ನೆನಪಾಗಿರಬೇಕು.

“ಅಯ್ಯೋ, ಮರೆತೇ ಹೋಗಿತ್ತು ಕಣೆ.”

ಅವಳ ಪಿತ್ತ ನೆತ್ತಿಗೇರಿತು. ಬೈದರೆ ಒಂದು ದಿನದ ಜಗಳ, ಬೈಯದಿದ್ದರೆ ಒಂದು ಜನ್ಮದ ಹೊಟ್ಟೆಯುರಿ. ಬೈದಳು. ಬೀದಿಯವರು ಏನೆಂದುಕೊಂಡಾರು, ಹಿಂದಿನದೆಲ್ಲ ಈಗ ಯಾಕೆ, ಇಂಥ ಯಾವ ಲೆಕ್ಕವನ್ನೂ ಇಡದೆ ಬೈದಳು. ಕೊನೆಗೆ ದನಿ ಸೋತು ಹೇಳಿದಳು: “ನೀವೆಲ್ಲ ಏನು ತಿಳ್ಕೊಂಡಿದ್ದೀರಿ ಅಂದ್ರೆ, ನಾನು ಒಂದನ್ನ ಬಿಟ್ಟು ಇನ್ನೊಂದಕ್ಕೆ ಹೋದೋಳು ಅಂತ. ನಾನು ಯಾವುದನ್ನೂ ಬಿಟ್ಟೇ ಇಲ್ಲ ರೀ. ಅಪ್ಪನ ಹತ್ರ ಮಡಿಸೋದು ಕಲೀದಿದ್ರೆ ನನಗೆ ಒಂದು ಕಾಲರ್ ನೆಟ್ಟಗೆ ಕೂರಿಸೋಕೆ ಬರ್ತಿರಲಿಲ್ಲ. ಇದನ್ನ ಒಬ್ಬರಿಗಾದ್ರೂ ಅರ್ಥ ಆಗೋ ಹಾಗೆ ಹೇಳೋಕೆ ನನ್ನ ಕೈಲಿ ಆಗಿಲ್ಲ. ಅದಕ್ಕೇ ನನಗೆ ನನ್ನ ಮೇಲೂ ಸಿಟ್ಟು.”

ಆತ ಬೋರ್ಡನ್ನು ಮೆಲ್ಲಗೆ ಬೀರುವಿನ ಹಿಂದೆ ಸೇರಿಸಿದ. ಸೋಮವಾರ ರಜೆ ಹಾಕುತ್ತೇನೆ, ಜೊತೆಗೆ ಬರುತ್ತೇನೆ ಎಂದ. ಬರದಿದ್ದರೇ ಒಳ್ಳೆಯದು ಎಂದು ಅವಳಿಗೆ ಅನ್ನಿಸಿತು.

ಸಭೆಗೆ ಹೋಗುವಾಗ ಅವಳು ಊರ ಶಾಲೆಯ ಈಗಿನ ಸಂಗೀತ ಮೇಷ್ಟ್ರು ರಿಪೇರಿಗೆ ಕೊಟ್ಟಿದ್ದ ಅಕಾರ್ಡಿಯನ್ನನ್ನೂ ತೆಗೆದುಕೊಂಡಳು. ಗಾಳಿ ತುಂಬುವ ತಿದಿ ಹರಿದು, ಸ್ವರ ಕೆಟ್ಟು, ಅದು ಮೂರು ಅಂಗಡಿ ಅಲೆದು ಕೊನೆಗೆ ಇವಳ ಅಡುಗೆಮನೆಗೆ ಬಂದಿತ್ತು. ರಿಪೇರಿ ಮುಗಿದಿತ್ತು, ವಾಪಸು ಕೊಡುವುದಿತ್ತು. ದಾರಿಯಲ್ಲಿ ಹೊಳೆಯಿತು, ಬಾಯಲ್ಲಿ ಹೇಳಲು ಬಾರದ್ದನ್ನು ಇದನ್ನೇ ಮುಂದಿಟ್ಟು ಹೇಳಿದರೆ ಹೇಗೆ ಎಂದು.

ಸಭೆಯೆಂದರೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಅಧ್ಯಕ್ಷರು, ಚಪ್ಪಲಿ ಅಂಗಡಿಯವನು, ಔಷಧಿ ಅಂಗಡಿಯಾಕೆ. ಅವಳು ಪೆಟ್ಟಿಗೆ ತೆರೆದು ಅಕಾರ್ಡಿಯನ್ನನ್ನು ಮೇಜಿನ ಮೇಲಿಟ್ಟಳು.

“ಇದರ ತಿದಿ ನೋಡಿ. ಗಾಳಿ ತುಂಬೋ ಈ ಮಡಿಕೆ ರಟ್ಟಿಂದು. ಮಡಿಸಿರೋದು ಪುಸ್ತಕ ಕಟ್ಟೋರ ಕೈ. ಮಡಿಕೆ ಮೇಲೆ ಬಟ್ಟೆ ಪಟ್ಟಿ, ಮೂಲೆಗೆ ತೆಳು ಚರ್ಮ. ಎಳೆದಾಗ ಬಿಡಬಾರದು, ಬಿಟ್ಟಾಗ ಸುಕ್ಕಾಗಬಾರದು. ಅದು ಹೊಲಿಯೋರ ಕೈ. ಒಳಗೆ ಸ್ವರ ಹೊರಡಿಸೋ ಉಕ್ಕಿನ ನಾಲಿಗೆಗಳಿವೆ, ಒಂದೊಂದನ್ನೂ ಒಂಚೂರು ಕೆರೆದು ಸ್ವರಕ್ಕೆ ತರಬೇಕು. ನುಡಿಸೋ ಕಿವಿ ಇಲ್ಲದಿದ್ರೆ ಆಗಲ್ಲ. ಮುಂದಿನ ಈ ಬಳ್ಳಿ ಚಿತ್ರ ಅಳಿಸಿಹೋಗಿತ್ತು, ಬ್ರಷ್ಷಲ್ಲಿ ಬರೆದೆ. ಮೇಷ್ಟ್ರು ಇದಕ್ಕೆ ಅಂತ ಮೂರು ಅಂಗಡಿ ಅಲೆದ್ರು. ಒಬ್ಬೊಬ್ಬರೂ ತಮಗೆ ಬರೋದನ್ನ ಮಾಡಿ, ಬಾರದ್ದನ್ನ ಕೆಡಿಸಿ ಕಳಿಸಿದ್ರು. ನಾನು ಮಾಡಿದ್ದು ನಾಲ್ಕು ಕೆಲಸ ಅಲ್ಲ ಸರ್. ನಾಲ್ಕು ಗೊತ್ತಿದ್ದಿದ್ದಕ್ಕೆ ಈ ಒಂದು ಕೆಲಸ ಆಯ್ತು.”

ಬಾಗಿಲ ಹತ್ತಿರ ನಿಂತಿದ್ದ ಗಂಡ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅವಳಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಒಂದೂ ಬಿಡದೆ ಹೊರಗೆ ಬಂದಿತ್ತು. ಔಷಧಿ ಅಂಗಡಿಯಾಕೆ ಒಂಚೂರು ನುಡಿಸಿ ಎಂದಳು. ಅವಳು ನುಡಿಸಿದಳು. ಚಪ್ಪಲಿ ಅಂಗಡಿಯವನು ಕಾಲು ಕುಣಿಸಿದ. ಕೆಳಗಿನ ಗಿರಾಕಿಗಳು ಮೆಟ್ಟಿಲ ಮೇಲೆ ಬಂದು ನಿಂತರು. ಕೋಣೆ ಸಿಕ್ಕೇ ಸಿಕ್ಕಿತು ಎಂದು ಅವಳು ಅಂದುಕೊಂಡಳು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಬಹಳ ಚೆನ್ನಾಗಿ ಹೇಳಿದ್ರಿ ತಾಯಿ. ಈಗ ಎಲ್ಲ ಸ್ಪಷ್ಟ ಆಯ್ತು. ಹಾಗಾದ್ರೆ ಅಕಾರ್ಡಿಯನ್ ರಿಪೇರಿ ಅಂತಲೇ ಬರ್ಕೊಳ್ಳಲಾ?”

ಅವಳು ಗಂಡನ ಮುಖ ನೋಡಿದಳು. ಆತ ಹಣೆ ಒತ್ತಿಕೊಳ್ಳುತ್ತಿದ್ದ. ಇಡೀ ಊರಿನಲ್ಲಿ ಹುಡುಕಿದರೂ ಅಕಾರ್ಡಿಯನ್‌ಗಳು ಒಂದು ಕೈಯ ಬೆರಳುಗಳಷ್ಟೂ ಇರಲಿಲ್ಲ. ಅಕಾರ್ಡಿಯನ್ ಬೇಡವೆಂದರೆ ಮೊದಲೇ ಬರೆದುಕೊಂಡ ಟೈಲರಿಂಗ್ ಇದ್ದೇ ಇದೆ ಎಂದು ಅಧ್ಯಕ್ಷರು ಅಷ್ಟೇ ಪ್ರೀತಿಯಿಂದ ಸೇರಿಸಿದರು. ಒಂದು ‘ಹೂಂ’ ಅಂದರೆ ಸಾಕಿತ್ತು. ಎರಡು ಕಿಟಕಿ, ಒಳ್ಳೆಯ ಬೆಳಕು, ಕಲ್ಲಿನ ಕಟ್ಟೆ. ಒಳಗೊಳಗೆ ಉಳಿದದ್ದನ್ನೂ ಮಾಡಿಕೊಳ್ಳಬಹುದು, ಯಾರು ನೋಡುತ್ತಾರೆ ಎಂದೂ ಅನ್ನಿಸಿತು. ಮರುಗಳಿಗೆಯೇ, ತನಗೆ ಬರುವ ಕೆಲಸವನ್ನು ಕದ್ದು ಮಾಡುವ ಸ್ಥಿತಿ ನೆನೆದು ಮೈಯೆಲ್ಲ ಉರಿಯಿತು.

“ಬೇಡ ಸರ್,” ಎಂದಳು. “ಕವರ್ ಮಾರೋರಿಗೇ ಕೊಟ್ಟುಬಿಡಿ.”

ಅಕಾರ್ಡಿಯನ್ ಪೆಟ್ಟಿಗೆಯನ್ನು ಗಂಡನೇ ಹೊತ್ತ. ಮೇಷ್ಟ್ರಿಗೆ ಅದನ್ನು ತಲುಪಿಸಿ ಮನೆ ದಾರಿ ಹಿಡಿದರು. ದಾರಿಯುದ್ದಕ್ಕೂ ಅವಳಿಗೆ ಅಳು ಬರುತ್ತಿತ್ತು, ಅದನ್ನು ಹಲ್ಲು ಕಚ್ಚಿ ತಡೆದುಕೊಂಡಳು. ಮನೆಗೆ ಬಂದವಳೇ ಮುಸುಕೆಳೆದು ಮಲಗಿಬಿಟ್ಟಳು.

ಎದ್ದಾಗ ನಡುಮನೆಯಲ್ಲಿ ಏನೋ ಎಳೆದಾಡುವ ಸದ್ದು. ನೋಡಿದರೆ ಸೋಫಾ ಮಲಗುವ ಕೋಣೆಯ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು; ಅದನ್ನು ಹತ್ತಿ ದಾಟಿ ಈಚೆಗೆ ಬಂದಳು. ಟಿವಿ ನೆಲದ ಮೇಲಿತ್ತು. ಅಡುಗೆಮನೆಯಲ್ಲಿದ್ದ ಅವಳ ಕೆಲಸದ ಸಾಮಾನೆಲ್ಲ ನಡುಮನೆಗೆ ಬಂದಿತ್ತು.

“ಏನ್ರೀ ಇದು? ಮನೆಗೆ ಬಂದೋರು ಎಲ್ಲಿ ಕೂತ್ಕೋಬೇಕು?”

“ಬಂದೋರು ನಿಂತ್ಕೊಂಡೇ ಮಾತಾಡ್ಲಿ. ಬೇಗ ಹೋಗ್ತಾರೆ.”

ಆತ ನಾಲ್ಕು ಮೂಲೆಗೆ ನಾಲ್ಕು ಕೆಲಸವನ್ನು ಹಂಚಿಟ್ಟಿದ್ದ. ಒಂದರಲ್ಲಿ ರಟ್ಟು, ಒಂದರಲ್ಲಿ ಮಿಷನ್, ಒಂದರಲ್ಲಿ ಬಣ್ಣ, ಒಂದರಲ್ಲಿ ಅವಳ ಹಳೆಯ ಅಕಾರ್ಡಿಯನ್. ಇಷ್ಟೆಲ್ಲ ಕೇಳಿಯೂ ಈ ಮನುಷ್ಯ ಮತ್ತೆ ನಾಲ್ಕು ಪಾಲು ಮಾಡಿ ಇಟ್ಟಿದ್ದಾನಲ್ಲ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಾಯಿ ತೆರೆಯುವಷ್ಟರಲ್ಲಿ ಆತ ಅಂಟಿನ ಬಟ್ಟಲು, ಕತ್ತರಿ, ಮೇಣ ಹಚ್ಚಿದ ದಾರದ ಉಂಡೆಗಳನ್ನು ಎದೆಗೆ ಅವಚಿಕೊಂಡು ಮಧ್ಯದಲ್ಲಿ ನಿಂತಿದ್ದ.

“ಇವು ಯಾವ ಮೂಲೆಗೆ ಅಂತ ಆಗಿಂದ ನೋಡ್ತಿದ್ದೀನಿ. ಎಲ್ಲಿಟ್ರೂ ಉಳಿದ ಮೂರಕ್ಕೆ ಬೇಕಾಗುತ್ತಲ್ಲೇ.”

ಆತ ಇನ್ನೂ ಸ್ವಲ್ಪ ಹೊತ್ತು ನಾಲ್ಕೂ ಕಡೆ ತಿರುಗಿ ನೋಡಿದ. ಆಮೇಲೆ ತಾನು ನಿಂತಿದ್ದ ಜಾಗದಲ್ಲೇ ಅವನ್ನೆಲ್ಲ ಒಂದೊಂದಾಗಿ ನೆಲಕ್ಕಿಟ್ಟು, ಅವಳ ಸ್ಟೂಲನ್ನು ತಂದು ಅವುಗಳ ಪಕ್ಕ ಹಾಕಿದ.