ಕಾರಿನಲ್ಲಿ ಕೂಗಿದ ಸೈರನ್

ಎಸಿ ಕಾರಿನಲ್ಲಿ ಕೂತು ನೀವು ಎಂದಾದರೂ ಫೌಂಡ್ರಿಯ ಸೈರನ್ ಕೇಳಿದ್ದೀರಾ? ನಾನು ಕೇಳಿದೆ. ಕಳೆದ ಗುರುವಾರ, ಹೊಟ್ಟೆ ತುಂಬ ಹೋಳಿಗೆ ಉಂಡು.

ಖಾನಾಪುರದಲ್ಲಿ ನೆಂಟರೊಬ್ಬರ ನಿಶ್ಚಿತಾರ್ಥದ ಊಟ ಮುಗಿಸಿಕೊಂಡು ನಾನು, ನಮ್ಮ ಮನೆಯವರು ಬೆಳಗಾವಿ ಬಸ್ಸಿಗೆ ನಿಂತಿದ್ದೆವು. ಅದೇ ಊಟಕ್ಕೆ ಬಂದಿದ್ದ ನಮ್ಮವರ ಶಾಲಾ ಗೆಳೆಯರೊಬ್ಬರು ಕಾರು ನಿಲ್ಲಿಸಿ ಹತ್ತಿಸಿಕೊಂಡರು. ಬೆಳಗಾವಿಯ ಉದ್ಯಮಬಾಗದಲ್ಲಿ ಅವರದೊಂದು ಫೌಂಡ್ರಿ ಇದೆ. ನನ್ನ ತಮ್ಮ ಮಲ್ಲೇಶ ಅಲ್ಲೇ, ಕಬ್ಬಿಣ ಕರಗಿಸುವ ಭಟ್ಟಿಯ ಹತ್ತಿರ ಕೆಲಸ ಮಾಡುತ್ತಾನೆ. (ಕೆಲಸ ಕೊಡಿಸಿದ್ದು ಇದೇ ಸ್ನೇಹ. ಈ ಬರಹ ಅಚ್ಚಾದ ಮೇಲೆ ಮನೆಯಲ್ಲಿ ನನ್ನ ಗತಿ ಏನೋ.)

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಾಡು ಬರುತ್ತಿದ್ದ ಸ್ಪೀಕರಿನಿಂದ ಇದ್ದಕ್ಕಿದ್ದಂತೆ ಕಿವಿ ಹರಿಯುವ ಸೈರನ್. ಕಾರಿಗೆ ಜೋಡಿಸಿದ್ದ ಅವರ ಫೋನಿನ ಸ್ಕ್ರೀನ್ ಕೆಂಪಾಯಿತು. ಭಟ್ಟಿ ಶೆಡ್ಡಿನಲ್ಲಿ ಗ್ಯಾಸ್ ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವರು ಬೆರಳಿನಿಂದ ಒಮ್ಮೆ ಒತ್ತಿದರು. ಹಾಡು ಮುಂದುವರಿಯಿತು.

"ಏನ್ರೀ ಅದು?" ಎಂದೆ.

"ನಮ್ಮ ಹೊಸಾ ಸೇಫ್ಟಿ ಸಿಸ್ಟಮ್ ರೀ ವೈನಿ. ಇಲ್ಲೇ ನಮ್ಮ ಇಂಜಿನಿಯರ್ ಹುಡುಗ್ರು ಮಾಡಿಕೊಟ್ಟಾರ. ನಾ ಎಲ್ಲೇ ಇರ್ಲಿ, ಶೆಡ್ಡಿನ ಗಾಳಿ ಹೆಂಗೈತಿ ಅಂತ ಫೋನಿಗೆ ಬರತೈತಿ."

"ಒಳಗಿದ್ದವ್ರಿಗೂ ಕೇಳಸ್ತೈತೇನ್ರೀ?"

"ಮೊದಲ ಅಲ್ಲೂ ಹೊಡಕೋತಿತ್ರಿ. ನಾನ ವೈರ್ ಕೀಳಿಸೀನಿ. ಅದು ಕೂಗಿದ್ರ ಸಾಕು, ಎಲ್ಲಾರೂ ಕೆಲಸಾ ಬಿಟ್ಟು ಹೊರಗ ಓಡತಿದ್ರು."

ಓಡದೆ ಇನ್ನೇನು ಮಾಡಬೇಕಿತ್ತು? ನಿಂತು ಆರತಿ ಎತ್ತಬೇಕಿತ್ತೇ?

ನನ್ನ ಮುಖ ನೋಡಿ ಅವರು ಸೂಪರ್‌ವೈಸರಿಗೆ ಫೋನ್ ಮಾಡಿದರು. ಎತ್ತಲಿಲ್ಲ. "ಗಾಬರಿ ಆಗಬ್ಯಾಡ್ರಿ ವೈನಿ, ಫ್ಯಾನ್ ಅದಾವ. ತಾನ ಕಡಿಮಿ ಆಗತೈತಿ," ಎಂದರು. ನಾನು ಮಲ್ಲೇಶನಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಇಡಬೇಕು. (ಯಾಕೆ ಗೊತ್ತೇ? ಸೇಫ್ಟಿ.)

ಆ ಗ್ಯಾಸಿನ ಹೆಸರು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ; ತಲೆ ನೋಯಿಸಿ, ವಾಂತಿ ಮಾಡಿಸಿ, ಕೊನೆಗೆ ಕೊಲ್ಲುತ್ತದೆ. ಮೂಗಿಗೆ ತಿಳಿಯುವುದಿಲ್ಲವೆಂದೇ ಯಂತ್ರ ಬೇಕು. ಸರಿ, ಯಂತ್ರ ಬಂತು. ಅದನ್ನು ತಯಾರಿಸಿದ ಜಾಣರು ಯಾರನ್ನು ಕೇಳಿ ತಯಾರಿಸಿದರು? ಕೊಂಡುಕೊಳ್ಳುವವರನ್ನು. ಆ ಗಾಳಿ ಕುಡಿಯುವವರನ್ನು ಒಂದು ಮಾತು ಕೇಳಿದ್ದರೆ, ಮಾಲೀಕರ ಒಂದು ಮಾತಿಗೆ ಕಿತ್ತುಬರುವಂಥ ವೈರ್ ಇಡುತ್ತಿದ್ದರೇ?

ಖಾನಾಪುರದಿಂದ ಹೊರಡುವಾಗ ಮಾಲೀಕರು ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಾರು ಅವರ ಕಿವಿಯಲ್ಲೇ ಕೂಗಿತು, ಹಾಕುವವರೆಗೂ ಬಿಡಲಿಲ್ಲ. ಕಾರು ಮಾರಿದ ಶೋರೂಮಿಗೆ ಮೆಸೇಜ್ ಕಳಿಸಿ ಸುಮ್ಮನಾಗಲಿಲ್ಲ. ಅವರ ಜೀವಕ್ಕೊಂದು ನ್ಯಾಯ, ನನ್ನ ತಮ್ಮನ ಜೀವಕ್ಕೊಂದು ನ್ಯಾಯ.

"ಫೌಂಡ್ರಿ ಮುಂದ ನಿಲ್ಲಸ್ರಿ," ಎಂದೆ. ನಮ್ಮವರು ಹಿಂದೆ ತಿರುಗಿ ಕಣ್ಣಿನಲ್ಲೇ ಬೇಡ ಅಂದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಫೌಂಡ್ರಿಯ ಗೇಟಿನಲ್ಲಿ ಇಳಿದೆವು. ವಾಚ್‌ಮನ್ ಒಳಗೆ ಹೋಗಿ ಮಲ್ಲೇಶನನ್ನು ಕರೆತಂದ. ಹಣೆ ಒತ್ತಿಕೊಳ್ಳುತ್ತಲೇ ಬಂದ.

"ಏನಿಲ್ಲಕ್ಕಾ, ತಲಿ ನೋಯಾಕತ್ತೈತಿ. ಬಾಜೂದಾಂವ ವಾಂತಿ ಮಾಡ್ಕೊಂಡ. ಬಿಸಲ ಇರಬೇಕು."

"ಒಳಗ ಗ್ಯಾಸ್ ತುಂಬೈತೋ. ಕಾರಿನ್ಯಾಗ ಸೈರನ್ ಹೊಡೀತು."

ಅವನು ನಕ್ಕ. "ಗ್ಯಾಸ್ ಇದ್ರ ಗ್ವಾಡಿ ಮ್ಯಾಲಿನ ಸೈರನ್ ಡಬ್ಬಿ ಹೊಡಕೋತೈತಲಾ. ಮೊದಲ ಸುಮ್‌ಸುಮ್ಮನ ಕೂಗತಿತ್ತು. ಈಗ ರಿಪೇರಿ ಮಾಡಿಸ್ಯಾರ."

ರಿಪೇರಿ. ನನ್ನ ಮೈ ಉರಿದುಹೋಯಿತು. ಆ ಡಬ್ಬಿ ಇಲ್ಲದಿದ್ದರೆ ತಲೆ ನೋಯುವಾಗ ಇವರಿಗೆ ಅನುಮಾನವಾದರೂ ಬರುತ್ತಿತ್ತು. ಡಬ್ಬಿ ಸುಮ್ಮನಿದೆ ಎಂದು ನಂಬಿ ನಿಶ್ಚಿಂತೆಯಿಂದ ವಿಷ ಕುಡಿಯುತ್ತಿದ್ದಾರೆ. ಮಾಲೀಕರು ಕಾರಿನ ಪಕ್ಕ ನಿಂತು ಫೋನ್ ನೋಡುತ್ತಿದ್ದರು.

"ರಿಪೇರಿ ಅಲ್ಲೋ ತಮ್ಮಾ. ಅದರ ವೈರ್ ಕಿತ್ತಾರ."

ಅವನ ನಗು ಹೋಯಿತು. ಒಮ್ಮೆ ಮಾಲೀಕರನ್ನು ನೋಡಿದ. "ತಡಿ ಅಕ್ಕಾ, ಉಳದವ್ರಿಗೆ ಹೇಳಿ ಬರ್ತೀನಿ," ಎಂದವನೇ, ನಾನು ತೋಳು ಹಿಡಿಯುವಷ್ಟರಲ್ಲಿ ಮತ್ತೆ ಆ ಶೆಡ್ಡಿನೊಳಗೆ ಓಡಿದ.

ಎಲ್ಲರೂ ಹೊರಗೆ ಬಂದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ವೈರ್ ಮತ್ತೆ ಹಾಕಿಸುತ್ತೇನೆ ಎಂದು ಮಾಲೀಕರು ನನಗೆ ಹೇಳಿದ್ದಾರೆ. (ನನಗೆ. ಕೆಲಸದವರಿಗಲ್ಲ.) ಅವರು ಹಾಕಿಸಲಿ, ಬಿಡಲಿ, ಒಂದು ತುಂಡು ವೈರ್ ಮಾಡಬೇಕಾದ ಕೆಲಸಕ್ಕೆ ನನ್ನ ತಮ್ಮ ಆ ವಿಷದೊಳಗೆ ಮತ್ತೆ ಓಡಬೇಕಿತ್ತೇ?